ಲೊಮಗುಗುವಿನ ಪಕ್ಕದ ಸೀಟು

ಸೊಲೊಮನಿ ಮವುಸೊ ಅವಳನ್ನು ಮೊದಲು ನೋಡಿದ್ದು ಎಮ್ಗೊದಿನಿಯ ಟ್ಯಾಕ್ಸಿ ನಿಲ್ದಾಣದಲ್ಲಿ. ಅವಳು ಅವನ ನಮಸ್ಕಾರಕ್ಕೆ ಮರುಮಾತು ಆಡಲಿಲ್ಲ.

ಚಳಿಗಾಲದ ಕೊನೆಯ ದಿನಗಳು. ಬೆಟ್ಟದ ಹುಲ್ಲೆಲ್ಲ ಬೆಂಕಿಗೆ ಸುಟ್ಟು ಕಪ್ಪಾಗಿತ್ತು. ಮಧ್ಯಾಹ್ನವಾದರೂ ನೆರಳಿನಲ್ಲಿ ನಿಂತವರಿಗೆ ಪಾದ ಕೊರೆಯುತ್ತಿತ್ತು. ಮವುಸೊ ತನ್ನ ಬಿಳಿ ವ್ಯಾನಿಗೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತ, ಸೀಟು ತುಂಬಲಿ ಅಂತ ನಿಂತಿದ್ದ. ಅಲ್ಲಿ ಟ್ಯಾಕ್ಸಿ ಹೊರಡುವುದಕ್ಕೆ ಹೊತ್ತುಗೊತ್ತು ಅಂತಿಲ್ಲ. ಸೀಟೆಲ್ಲ ತುಂಬಿದರೆ ಹೊರಟಿತು, ಇಲ್ಲದಿದ್ದರೆ ಇಲ್ಲ. ಮೇಲಿನ ಬೀದಿಯಲ್ಲಿ ದೊಡ್ಡ ಊರುಗಳಿಂದ ಬಂದ ಪ್ರವಾಸಿಗರು ತಗಡಿನ ಮನೆಗಳ ಫೋಟೊ ತೆಗೆಯುತ್ತಿದ್ದರು. ಹಿಂದೆ ಚಿನ್ನ ಅಗೆಯಲು ಬಂದವರು ಕಟ್ಟಿಕೊಂಡ ಮನೆಗಳು ಅವು. ಗಣಿ ಮುಚ್ಚಿದ ಮೇಲೆ ಅವಕ್ಕೆ ಹಸಿರು, ಕಾವಿ ಬಣ್ಣ ಬಳಿದು ಇಡೀ ಊರನ್ನೇ ನೋಡುವ ವಸ್ತು ಮಾಡಿಟ್ಟಿದ್ದಾರೆ. ಹಳ್ಳದ ದಂಡೆಯಲ್ಲಿ ಒಬ್ಬ ಬಾಣಲೆಯಲ್ಲಿ ಮರಳು ಜಾಲಿಸಿ ತೋರಿಸುತ್ತಾನೆ. ತಳದಲ್ಲಿ ಒಂದು ಚೂರು ಮಿನುಗಿದರೆ ಪ್ರವಾಸಿಗರು ಮಕ್ಕಳ ಹಾಗೆ ಕೂಗುತ್ತಾರೆ.

ಆ ಬೀದಿಯಿಂದ ಇಬ್ಬರು ಇಳಿದು ಬಂದರು. ಮುಂದೆ ಬೂದು ಬಣ್ಣದ ದೊಡ್ಡ ಕೋಟು ತೊಟ್ಟ ಸಣಕಲು ಮುದುಕ, ತಲೆಯ ಮೇಲೆ ಕರಿ ಟೊಪ್ಪಿ. ಹಿಂದೆ ನಲವತ್ತರ ಆಸುಪಾಸಿನ ಹೆಂಗಸು. ಕಂದು ಶಾಲನ್ನು ಭುಜದ ಮೇಲೆ ಗಂಟು ಹಾಕಿಕೊಂಡಿದ್ದಳು. ಎರಡೂ ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಏನನ್ನೋ ಎದೆಗೆ ಆನಿಸಿಕೊಂಡಿದ್ದಳು, ಮಲಗಿದ ಮಗುವನ್ನು ಹಿಡಿದ ಹಾಗೆ. ಕಣ್ಣು ಅದರ ಮೇಲೆಯೇ ಇತ್ತು. ಶೂಗಳ ಮೇಲೆ ಕೆಂಪು ಮಣ್ಣು ಮೆತ್ತಿತ್ತು.

"ನಮಸ್ಕಾರ ಸಿಸಿ, ಚೆನ್ನಾಗಿದೀರಾ?" ಅಂದ ಮವುಸೊ. ಅಕ್ಕತಂಗಿಯರ ವಯಸ್ಸಿನ ಯಾರನ್ನಾದರೂ ಅಲ್ಲಿ ಸಿಸಿ ಅನ್ನುತ್ತಾರೆ.

ಅವಳು ಅವನ ಪಕ್ಕದಲ್ಲೇ ಹಾದು ವ್ಯಾನಿನ ಬಾಗಿಲ ಬಳಿ ಹೋಗಿ ನಿಂತಳು. ಮವುಸೊಗೆ ಮುಖಕ್ಕೆ ಹೊಡೆದ ಹಾಗಾಯಿತು. ಆ ಸೀಮೆಯಲ್ಲಿ ಹಗೆಯಲ್ಲಿದ್ದವರೂ ದಾರಿಯಲ್ಲಿ ಎದುರಾದರೆ ನಮಸ್ಕಾರ ಹೇಳಿಯೇ ಹಗೆ ಮುಂದುವರಿಸುತ್ತಾರೆ.

ಮುದುಕ ಹತ್ತಿರ ಬಂದ. "ಬೇಜಾರು ಮಾಡ್ಕೋಬೇಡಪ್ಪ. ಅವಳ ಕೈ ನೋಡು."

ಮವುಸೊ ನೋಡಿದ. ಬಿಳಿ ಬಟ್ಟೆಯ ಸಂದಿನಿಂದ ಮುಳ್ಳು ಹೊರಗೆ ಚಾಚಿದ್ದವು. ಒಂದು ನೆಟ್ಟಗೆ, ಅದರ ಪಕ್ಕದ್ದು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿ. ಅವನು ತಕ್ಷಣ ಟೋಪಿ ತೆಗೆದ. ಆ ಕೊಂಬೆ ಗೊತ್ತಿಲ್ಲದವರು ಅಲ್ಲಿ ಯಾರೂ ಇಲ್ಲ. ಮನೆಯಿಂದ ದೂರ ಸತ್ತವನ ಜೀವ ಬಿದ್ದ ಜಾಗದಲ್ಲೇ ಕಾಯುತ್ತದೆ. ಮನೆಯವರು ಆ ಮುಳ್ಳುಮರದ ಕೊಂಬೆ ಹಿಡಿದು ಹೋಗಿ ಹೆಸರಿಟ್ಟು ಕರೆಯಬೇಕು. ಅವನು ಕೊಂಬೆ ಹಿಡಿದುಕೊಂಡು ಬರುತ್ತಾನೆ. ಕೊಂಬೆ ಹೊತ್ತವರು ಮನೆ ಮುಟ್ಟುವವರೆಗೆ ಬದುಕಿದವರ ಜೊತೆ ಮಾತಾಡುವ ಹಾಗಿಲ್ಲ; ಅವನ ಜೊತೆ ಮಾತ್ರ ಆಡಬೇಕು. ಹೊಳೆ ಬಂದರೆ ಹೊಳೆ ಬಂತು ಅಂತ, ತಿರುವು ಬಂದರೆ ತಿರುಗುತ್ತಿದ್ದೇವೆ ಅಂತ ಹೇಳಬೇಕು. ದಾರಿ ತಪ್ಪಬಾರದಲ್ಲ.

"ಒಂದೇ ಸಾಲಲ್ಲಿ ಮೂರು ಸೀಟು ಕೊಡು," ಅಂದ ಮುದುಕ. "ಕಿಟಕಿ ಹತ್ರ ನನ್ನಣ್ಣನ ಮಗಳು ಲೊಮಗುಗು. ಈ ತುದಿಗೆ ನಾನು, ಮಜಹೊಂಕೆ ಲುಬಿಸಿ. ನಡುವೆ ನಮ್ಮಣ್ಣ."

ಹಾಗೆ ಕೂತರು. ಕೊನೆಗೆ ಹತ್ತಿದ ದಪ್ಪ ಹೆಂಗಸೊಬ್ಬಳು ಕಿತ್ತಳೆ ಚೀಲ ಹೊತ್ತು ಏದುಸಿರು ಬಿಡುತ್ತ, "ಆ ನಡುವಿನದು ಖಾಲಿ ಇದೆಯಲ್ಲ, ಚೀಲ ಇಡ್ಲಾ?" ಅಂದಳು.

"ಖಾಲಿ ಇಲ್ಲಮ್ಮ. ನಮ್ಮಣ್ಣ ಕೂತಿದಾನೆ."

ಅವಳು ಕೊಂಬೆ ನೋಡಿದಳು. "ಅಯ್ಯೋ, ಬೇಡ ಬಿಡಿ. ದೊಡ್ಡವರು, ಕಾಲು ಚಾಚಿ ಕೂತ್ಕೊಳ್ಲಿ. ಎಷ್ಟು ವರ್ಷದಿಂದ ಮುದುರಿಕೊಂಡು ಕೂತಿದ್ರೋ." ಚೀಲವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡು ಹಿಂದೆ ಕೂತಳು.

ವ್ಯಾನು ಬೆಟ್ಟ ಇಳಿಯತೊಡಗಿತು. ಲೊಮಗುಗು ಮಾತಾಡಬಾರದಿದ್ದ ಲೆಕ್ಕವನ್ನೆಲ್ಲ ಮಜಹೊಂಕೆಯೇ ತುಂಬಿಸಿದ. ಆತ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

"ನಮ್ಮಣ್ಣ ಮಖೊಸಿನಿ. ಇದೇ ಗಣಿ. ಬಂಡೆ ಕುಸಿದಾಗ ಇವಳಿನ್ನೂ ನಮ್ಮತ್ತಿಗೆ ಹೊಟ್ಟೇಲಿದ್ಲು. ಹೆಣ ತೆಗೆಯೋಕೆ ಆಗಲಿಲ್ಲ. ಆ ವರ್ಷವೇ ಗಣಿ ಮುಚ್ಚಿದ್ರು, ಸುರಂಗದ ಬಾಯಿಗೆ ಗೋಡೆ ಕಟ್ಟಿದ್ರು. ಗೋಡೆ ಮುಂದೆ ನಿಂತು ಕರೆದ್ರೆ ಕೇಳಿಸುತ್ತಾ? ಈಗ ಪ್ರವಾಸಿಗಳಿಗೆ ತೋರಿಸೋಕೆ ಅಂತ ಗೋಡೆ ಒಡೆದಿದಾರೆ. ಅದಕ್ಕೇ ಬಂದ್ವಿ."

"ಒಳಗೆ ಬಿಟ್ರಾ ಬಾಬೆ?" ಮುಂದಿನ ಸೀಟಿನವನೊಬ್ಬ ಕೇಳಿದ. ಹಿರಿಯ ಗಂಡಸರಿಗೆ ಅಲ್ಲಿ ಹಾಗೆನ್ನುವುದು ಮರ್ಯಾದೆ.

"ಬಿಡದೆ ಏನು? ಗೇಟಲ್ಲಿ ಒಬ್ಬ ಇದಾನೆ, ಶಬಂಗು ಅಂತ. ನಾವು ನೋಡೋಕೆ ಬಂದೋರಲ್ಲಪ್ಪ, ಕರ್ಕೊಂಡು ಹೋಗೋಕೆ ಬಂದೋರು ಅಂದೆ. ಹಾಗಿದ್ರೂ ಟಿಕೆಟ್ ಬೇಕು ಬಾಬೆ ಅಂದ. ತಗೊಂಡ್ವಿ. ತಲೆಗೊಂದು ಹಳದಿ ಟೋಪಿ ಕೊಟ್ಟ. ಅದನ್ನ ಹಾಕ್ಕೊಂಡ್ರೆ ಅಣ್ಣ ನನ್ನ ಗುರುತು ಹಿಡೀತಾನಾ? ಕಂಕುಳಲ್ಲಿಟ್ಕೊಂಡೆ. ಬಂಡೆ ಬಿದ್ದ ಜಾಗದಲ್ಲಿ ಇವಳು ಕೊಂಬೆ ನೆಲಕ್ಕೆ ತಾಗಿಸಿ ಕರೆದ್ಲು. ನಾನು ಮುತ್ತಾತನಿಂದ ಹಿಡಿದು ನಮ್ಮ ಮನೆತನದ ಬಿರುದೆಲ್ಲ ಹೇಳಿದೆ. ಹಿಂದೆ ನಿಂತಿದ್ದ ಪ್ರವಾಸಿಗಳು ಚಪ್ಪಾಳೆ ತಟ್ಟಿಬಿಟ್ರು. ಟಿಕೆಟ್ಟಿನಲ್ಲಿ ನಾವೂ ಸೇರಿದೀವಿ ಅಂದ್ಕೊಂಡ್ರೋ ಏನೋ."

ವ್ಯಾನೆಲ್ಲ ನಕ್ಕಿತು. ಮುದುಕನೂ ನಕ್ಕ. ಆಮೇಲೆ ದನಿ ತಗ್ಗಿಸಿ, "ಹೊರಗೆ ಬರೋವಾಗ ಶಬಂಗು ಕೇಳಿದ, ಒಳಗೆ ಹೋದೋರೆಲ್ಲ ಬಂದ್ರಾ ಅಂತ. ಹೋದೋರು ಇಬ್ಬರು, ಬಂದೋರು ಮೂವರು ಅಂದೆ. ಅವನು ಅರ್ಧ ತೆಗೆದಿದ್ದ ಗೇಟನ್ನ ಪೂರ್ತಿ ತೆಗೆದ," ಅಂದ.

ಮೊದಲ ಹೊಳೆ ಬಂತು. ಸೇತುವೆಯ ಮೇಲೆ ಮವುಸೊಗೆ ಅವಳ ದನಿ ಮೊದಲ ಸಲ ಕೇಳಿಸಿತು.

"ಅಪ್ಪ, ಹೊಳೆ ದಾಟ್ತಾ ಇದೀವಿ. ಗಟ್ಟಿಯಾಗಿ ಹಿಡ್ಕೋ."

ಹೊಸದಾಗಿ ಮನೆಗೆ ಬಂದ ಮಗುವಿನ ಜೊತೆ ಆಡುವ ದನಿ ಅದು. ಸ್ವಲ್ಪ ನಾಚಿಕೆ, ಸ್ವಲ್ಪ ಜೋಪಾನ. ಮವುಸೊ ತನಗೇ ಗೊತ್ತಿಲ್ಲದೆ ಗಾಡಿಯ ವೇಗ ಕಡಿಮೆ ಮಾಡಿದ.

ಅರ್ಧ ದಾರಿಯಲ್ಲಿ, ಬೆಟ್ಟ ಮುಗಿದು ಬಾಳೆತೋಟ ಶುರುವಾಗುವಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಎಣ್ಣೆ ಹಾಕಿಸಲು ಮವುಸೊ ಅಲ್ಲಿ ನಿಲ್ಲಿಸಿದ. ಕೆಲವರು ಇಳಿದರು, ಹತ್ತಿದರು. ಮಜಹೊಂಕೆಯೂ ಸೀಟು ಯಾರೂ ಹಿಡಿಯದಿರಲಿ ಅಂತ ಕೋಟು ಕಳಚಿ ಅದರ ಬೆನ್ನಿಗೆ ಹೊದೆಸಿ, ಅದರ ಮೇಲೆ ಟೊಪ್ಪಿ ಇಟ್ಟು ಇಳಿದ. ಬಂಕಿನ ಹಿಂದೆ ಹೋಗಿಬಂದು, ಮಗ್ವಿನ್ಯಾ ಮಾರುವವಳ ಹತ್ತಿರ ನಿಂತ. ಎಣ್ಣೆಯಲ್ಲಿ ಕರಿದ ಆ ದುಂಡು ಬನ್ನುಗಳ ಘಮಕ್ಕೆ ಮುದುಕನ ಕಾಲು ಅಲ್ಲೇ ಊರಿತು.

"ಎಲ್ಲಾ ಬಂದ್ರಾ?" ಅಂತ ಕೂಗಿದ ಮವುಸೊ. ಎರಡು ಮೂರು ದನಿ "ಹೂಂ" ಅಂದವು. ಅವನು ಕನ್ನಡಿಯಲ್ಲಿ ನೋಡಿದ. ನಡುಸಾಲಿನಲ್ಲಿ ಕಿಟಕಿಯ ಬಳಿ ಹೆಂಗಸು, ಪಕ್ಕದಲ್ಲಿ ಖಾಲಿ, ಆಚೆ ಕೋಟು, ಕೋಟಿನ ಮೇಲೆ ಟೊಪ್ಪಿ. ಆ ಸಾಲಿನಲ್ಲಿ ಒಂದು ಸೀಟು ಖಾಲಿ ಇರಬೇಕಾದದ್ದೇ. ಬಾಗಿಲು ಎಳೆದು ಹೊರಟುಬಿಟ್ಟ.

ಉಳಿದ ಪ್ರಯಾಣಿಕರು ಕೊಂಬೆ ಇದ್ದ ಸಾಲನ್ನು ತಿರುಗಿ ತಿರುಗಿ ನೋಡಬಾರದು ಅಂತ ಮುಂದೆ ನೋಡಿಕೊಂಡು ಕೂತಿದ್ದರು. ಕಿತ್ತಳೆ ಚೀಲದವಳು ತೂಕಡಿಸುತ್ತಿದ್ದಳು. ಲೊಮಗುಗುವಿಗೆ ಮಾತ್ರ ಗೊತ್ತಿತ್ತು. ಅವಳು ಕಿಟಕಿ ತಟ್ಟಿದಳು. ಸೀಟು ಬಡಿದಳು. ಮುಂದಿನವನು ಹೆದರಿ, "ದೊಡ್ಡವರಿಗೆ ಏನೋ ಸಿಟ್ಟು ಬಂದಿದೆ," ಅಂತ ಪಿಸುಗುಟ್ಟಿದ. ಮವುಸೊಗೂ ಹಾಗೇ ಅನ್ನಿಸಿ, ಬೇಗ ಮನೆ ಮುಟ್ಟಿಸುವುದೇ ವಾಸಿ ಅಂತ ಇನ್ನಷ್ಟು ಜೋರಾಗಿ ಓಡಿಸಿದ.

ಆಗ ಅವಳು ಕೊಂಬೆಯ ಬಟ್ಟೆ ಸರಿಸಿ, ಅದನ್ನೇ ನೋಡುತ್ತ, ವ್ಯಾನಿಗೆಲ್ಲ ಕೇಳುವ ಹಾಗೆ ಅಂದಳು:

"ಅಪ್ಪ, ಚಿಕ್ಕಪ್ಪ ಬಂಕಲ್ಲೇ ಉಳಿದುಬಿಟ್ಟ. ನಾನು ಮಾತಾಡೋ ಹಾಗಿಲ್ಲ. ಈ ಗಾಡಿಯವರಿಗೆ ನೀನೇ ಹೇಳು."

ಮವುಸೊ ಬ್ರೇಕು ಒತ್ತಿದ. ಕಿತ್ತಳೆಗಳು ಚೀಲದಿಂದ ಹಾರಿ ಎಲ್ಲರ ಕಾಲಡಿ ಉರುಳಿದವು.

ವಾಪಸ್ ಹೋದಾಗ ಮಜಹೊಂಕೆ ಬಂಕಿನಲ್ಲಿ ಚಕ್ರಕ್ಕೆ ಗಾಳಿ ಹೊಡೆಸುವ ಜಾಗದ ಕಟ್ಟೆಯ ಮೇಲೆ ಕೂತು ಬಿಸಿ ಮಗ್ವಿನ್ಯಾ ತಿನ್ನುತ್ತಿದ್ದ. "ಅಲ್ಲಪ್ಪ ಮವುಸೊ," ಅಂದ ಹತ್ತುತ್ತ, "ಸತ್ತವನನ್ನ ಜೋಪಾನವಾಗಿ ಕೂರಿಸ್ಕೊಂಡು ಬದುಕಿರೋನನ್ನ ಬಿಟ್ಟೋಗೋದಾ? ನನಗೂ ಒಂದು ಮುಳ್ಳಿನ ಕೊಂಬೆ ತರಬೇಕಾಗಿತ್ತು ಆಮೇಲೆ." ವ್ಯಾನು ಹೊಟ್ಟೆ ಹಿಡಿದು ನಕ್ಕಿತು. ಮವುಸೊ ಕೆಳಗಿಳಿದು ಬಂದು ಕ್ಷಮೆ ಕೇಳಿ, ತಾನೇ ಬಾಗಿಲು ಹಾಕಿದ. ಲೊಮಗುಗುವೂ ಕೊಂಬೆಯ ಮೇಲೆ ಮುಖ ಬಾಗಿಸಿ ನಗು ತಡೆದುಕೊಂಡಿದ್ದನ್ನು ಅವನು ಕನ್ನಡಿಯಲ್ಲಿ ನೋಡಿದ. ಊರಿನವರೆಗೆ ಅವಳು ಹೊಳೆಗಳನ್ನೂ ತಿರುವುಗಳನ್ನೂ ಹೇಳುತ್ತಲೇ ಹೋದಳು.

ಆ ಕಥೆಯನ್ನು ಮವುಸೊ ನಿಲ್ದಾಣದಲ್ಲಿ ಎಷ್ಟು ಜನಕ್ಕೆ ಹೇಳಿ ನಗಿಸಿದನೋ. ಚಳಿ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಮಜಹೊಂಕೆ ಮತ್ತೆ ಬಂದ. ಈ ಸಲ ಮುಖದಲ್ಲಿ ನಗು ಇರಲಿಲ್ಲ.

"ಮನೆಗೆ ಬರಬೇಕಪ್ಪ. ಆಡು ಎಲೆ ತಿನ್ನಲಿಲ್ಲ."

ಮವುಸೊಗೆ ಅಷ್ಟು ಸಾಕಾಯಿತು. ಕೊಂಬೆಯನ್ನು ಮನೆಗೆ ತಂದ ಮೇಲೆ ಸತ್ತ ಹಿರಿಯರಿಗೆ ಮೀಸಲಾದ ಗುಂಡುಮನೆಯಲ್ಲಿ ಇಟ್ಟು, ಆಡಿನ ಮುಂದೆ ಹಿಡಿಯುತ್ತಾರೆ. ಆಡು ಎಲೆ ಮೇಯ್ದರೆ ಹೋದವನು ಬಂದು ಸೇರಿದ ಅಂತ. ಲುಬಿಸಿಯವರ ಆಡು ಕೊಂಬೆ ಮೂಸಿ ಮುಖ ತಿರುಗಿಸಿತ್ತು. ಉಪವಾಸ ಕೆಡವಿದರೂ ಮುಟ್ಟಿರಲಿಲ್ಲ.

ಅವರ ಅಂಗಳದಲ್ಲಿ ಚಾಪೆ ಹಾಸಿ ಮನೆಯವರೆಲ್ಲ ಕೂತಿದ್ದರು. ಲೊಮಗುಗುವಿನ ತಾಯಿ ಲಾಮಸೆಕೊ ಗೋಡೆಗೆ ಒರಗಿದ್ದಳು. ಮದುವೆಯಾಗಿ ಎಷ್ಟು ವರ್ಷವಾದರೂ ಹೆಂಗಸನ್ನು ಅಲ್ಲಿ ತವರಿನ ಹೆಸರಿನಿಂದಲೇ ಕರೆಯುತ್ತಾರೆ; ಅವಳು ಮಸೆಕೊ ಮನೆತನದವಳು. ಹೊದಿಕೆಯೊಳಗೆ ತುಂಬ ಸಣ್ಣಗೆ ಕಾಣುತ್ತಿದ್ದಳು. ಮಾತಾಡುತ್ತಿದ್ದವಳು ಲೊಮಗುಗುವಿನ ಸೋದರತ್ತೆ.

"ನಾನು ಹೇಳೋದು ಇಷ್ಟೆ. ಇವಳು ದಾರೀಲಿ ಮಾತಾಡಿದ್ಲು. ಕಟ್ಟಳೆ ಮುರೀತು. ನಮ್ಮಣ್ಣ ಬರಲಿಲ್ಲ."

"ನಾನು ಅಪ್ಪನ ಹತ್ರ ಮಾತಾಡಿದೆ ಅತ್ತೆ."

"ಅಪ್ಪನ ಹತ್ರ ಆಡಿದ್ರೆ ಗಾಡಿ ಯಾಕೆ ತಿರುಗಿತು?"

"ನಾನು ಮೂವತ್ತು ವರ್ಷದಿಂದ ಗಾಡಿ ಓಡಿಸ್ತಾ ಇದೀನಿ," ಅಂದ ಮವುಸೊ. "ಪ್ರಯಾಣಿಕರು ಹೇಳಿದ್ರೆ ನಾನು ತಿರುಗಿಸೋನಲ್ಲ. ಇವರು ಕೊಂಬೆ ನೋಡ್ಕೊಂಡೇ ಹೇಳಿದ್ರು."

"ನಿನ್ನ ಕಿವಿಗೆ ಕೇಳಿಸ್ತಲ್ಲ?"

"ಕೇಳಿಸ್ತು. ಕಿವಿ ಮುಚ್ಕೊಂಡು ಗಾಡಿ ಓಡಿಸೋಕೆ ಆಗಲ್ಲ ಮಾಕೆ." ತಾಯಂದಿರ ವಯಸ್ಸಿನವರಿಗೆ ಹೇಳುವ ಆ ಮಾತಿನಿಂದಲೂ ಅತ್ತೆಯ ಮುಖ ಸಡಿಲಾಗಲಿಲ್ಲ.

ಲಾಮಸೆಕೊ ಕೈ ಎತ್ತಿದಳು. "ಮವುಸೊ, ನೀನು ಬಂಕಿಗೆ ವಾಪಸ್ ಹೋದಾಗ ಯಾರು ಹತ್ತಿದ್ರು?"

"ಬಾಬೆ ಮಜಹೊಂಕೆ ಹತ್ತಿದ್ರು."

"ಆಮೇಲೆ?"

"ಆಮೇಲೆ ಇನ್ಯಾರೂ ಇಲ್ಲ. ನಾನೇ ಬಾಗಿಲು ಹಾಕಿದೆ."

"ಮಗಳೇ, ತಮ್ಮ ಹತ್ತಿದ ಮೇಲೆ ನಿನ್ನಪ್ಪನಿಗೆ ಹತ್ತು ಅಂತ ಹೇಳಿದೆಯಾ?"

ಲೊಮಗುಗು ಗಾಬರಿಯಿಂದ ನೋಡಿದಳು. "ಅಪ್ಪ ಇಳಿದೇ ಇರಲಿಲ್ಲವಲ್ಲ ಅವ್ವ. ಕೊಂಬೆ ನನ್ನ ಕೈಯಲ್ಲೇ ಇತ್ತು."

"ಇಳಿದಿದ್ರು," ಅಂದಳು ಲಾಮಸೆಕೊ. ಮನೆಯ ಹಿಂದೆ ಕೋಳಿ ಇದೆ ಅನ್ನುವಷ್ಟು ಸಾದಾ ದನಿಯಲ್ಲಿ. "ನಮ್ಮತ್ತೆ, ಇವರ ತಾಯಿ, ಸತ್ತಾಗ ಈ ಮಜಹೊಂಕೆ ಇಷ್ಟುದ್ದ ಇದ್ದ. ನಿನ್ನಪ್ಪ ಇವನನ್ನ ಬೆನ್ನ ಮೇಲೆ ಹೊತ್ಕೊಂಡೇ ದನ ಕಾಯ್ದರು. ನನ್ನನ್ನ ನೋಡೋಕೆ ಬಂದಾಗಲೂ ಜೊತೇಲಿ ಇವನು. ಮದುವೆ ದಿನ ಇವನು ಕಾಲಿಗೆ ಮುಳ್ಳು ಚುಚ್ಚಿಸ್ಕೊಂಡು ಹಿಂದೆ ಉಳಿದ ಅಂತ ಹುಡುಗನ ಕಡೆಯವರನ್ನೆಲ್ಲ ದಾರೀಲಿ ನಿಲ್ಲಿಸಿ ವಾಪಸ್ ಹೋದ್ರು. ನಾವು ಕಾಯ್ದು ಕಾಯ್ದು ಮುದ್ದೆ ತಣ್ಣಗಾಯ್ತು. ತಮ್ಮನನ್ನ ದಾರೀಲಿ ಬಿಟ್ಟು ಅವರು ಮನೆಗೆ ಬರೋರಾ? ಗಾಡಿ ಹೊರಟಾಗ ಕೊಂಬೆ ಬಿಟ್ಟು ಇಳಿದಿದಾರೆ. ತಮ್ಮನ ಪಕ್ಕ ಕೂತಿದಾರೆ. ನೀವು ತಮ್ಮನನ್ನ ಹತ್ತಿಸ್ಕೊಂಡು, ನಕ್ಕು, ಅವರ ಮುಖದ ಮೇಲೆ ಬಾಗಿಲು ಹಾಕಿದಿರಿ."

ಮಜಹೊಂಕೆಯ ಟೊಪ್ಪಿ ಅವನ ಕೈಯಲ್ಲಿ ಸುತ್ತುತ್ತಿತ್ತು.

"ಅಲ್ಲಿ ಕೂತಿದ್ದಾಗ," ಅಂದ ಅವನು ಕೊನೆಗೆ, "ಗಾಡಿ ಹೋಯ್ತು, ಕೋಟಿಲ್ಲ, ಚಳಿ. ಹೆದರಿಕೆ ಆಗಬೇಕಿತ್ತು. ಒಂದು ಚೂರೂ ಆಗಲಿಲ್ಲ. ಮಗ್ವಿನ್ಯಾ ತಿಂದ್ಕೊಂಡು ಆರಾಮಾಗಿ ಕೂತಿದ್ದೆ. ಯಾಕೆ ಅಂತ ಈಗ ಗೊತ್ತಾಯ್ತು ಅತ್ತಿಗೆ." ಟೊಪ್ಪಿಯಿಂದ ಮುಖ ಮುಚ್ಚಿಕೊಂಡ.

ಸೋದರತ್ತೆ ಮಾತ್ರ ಸೋಲಲಿಲ್ಲ. "ಹಾಗಾದ್ರೆ ಅಣ್ಣ ಗಾಡೀಲಿ ಇರಲೇ ಇಲ್ಲ. ಇವಳು ಆಡಿದ್ದು ಡ್ರೈವರ್ ಹತ್ರವೇ ಅಂತಾಯ್ತಲ್ಲ."

"ಆಯ್ತು. ಆಡಿದ್ಲು," ಅಂದಳು ಲಾಮಸೆಕೊ. "ಅದಕ್ಕೇ ನಿನ್ನ ತಮ್ಮ ಇವತ್ತು ನಿನ್ನ ಪಕ್ಕ ಕೂತಿದಾನೆ."

ಮವುಸೊ ಹೊರಟಾಗ ಲೊಮಗುಗು ಗಾಡಿಯವರೆಗೆ ಬಂದಳು. ಬಾಗಿಲಿಗೆ ಕೈ ಇಟ್ಟು ನಿಂತಳು.

"ಬಂಕಿನಿಂದ ಮನೆವರೆಗೆ ನಾನು ಬರೀ ಮುಳ್ಳಿನ ಜೊತೆ ಮಾತಾಡ್ಕೊಂಡು ಬಂದೆ ಬಾಬೆ ಮವುಸೊ. ಹೊಳೆ ಬಂತು ಅಪ್ಪ, ತಿರುವು ಬಂತು ಅಪ್ಪ. ಪಕ್ಕದಲ್ಲಿ ಯಾರೂ ಇರಲಿಲ್ಲ. ಇಳಿದದ್ದೂ ಗೊತ್ತಾಗಲಿಲ್ಲ. ಗೊತ್ತಾಗೋಕೆ ಅವನು ಎಂಥೋನು ಅಂತ ನನಗೇನು ಗೊತ್ತು? ನಾನವನನ್ನ ನೋಡೇ ಇಲ್ಲ."

"ಭಾನುವಾರ ಗಾಡಿ ಖಾಲಿ ಇರುತ್ತೆ," ಅಂದ ಮವುಸೊ. "ಬೆಳಿಗ್ಗೆಯೇ ಬರ್ತೀನಿ. ಅವರ ಸೀಟಿಗೆ ದುಡ್ಡು ಆಗಲೇ ಕೊಟ್ಟಿದೀರಿ. ನಾನು ಅರ್ಧ ದಾರಿ ಮಾತ್ರ ತಂದಿದೀನಿ. ಉಳಿದರ್ಧ ನನ್ನ ಮೇಲಿದೆ."

ಭಾನುವಾರ ಹೊಸ ಕೊಂಬೆ ಕಡಿದರು. ಲಾಮಸೆಕೊ ತಾನೂ ಬರುತ್ತೇನೆ ಅಂದಳು. ಮಜಹೊಂಕೆಯನ್ನು ಮಾತ್ರ ಬೇಡ ಅಂದಳು. "ನೀನು ಬಂದ್ರೆ ಮತ್ತೆ ನಿನ್ನ ಹಿಂದೆಯೇ ಸುತ್ತುತ್ತಾರೆ. ಮನೇಲಿ ಕೂತು ಆಡು ನೋಡ್ಕೋ."

ಬಂಕಿನಲ್ಲಿ ಲೊಮಗುಗು ಕೊಂಬೆ ಹಿಡಿದು ನಿಂತಳು. ನೀಲಿ ಬಟ್ಟೆಯ ಕೆಲಸದವನು ಗಾಳಿಯ ಪೈಪು ಎಳೆದುಕೊಂಡು ಬಂದು, "ಗಾಳಿ ಹೊಡೀಬೇಕಾ ಮಾಕೆ?" ಅಂದ.

"ಬೇಡಪ್ಪ. ನಮ್ಮ ಮನೆಯವರು ಇಲ್ಲಿದಾರೆ. ಕರ್ಕೊಂಡು ಹೋಗೋಕೆ ಬಂದ್ವಿ," ಅಂದಳು ಲಾಮಸೆಕೊ.

ಅವನು ಕೊಂಬೆ ನೋಡಿದ, ಕಟ್ಟೆ ನೋಡಿದ. ಪೈಪನ್ನು ಸದ್ದಿಲ್ಲದೆ ಸುತ್ತಿ ಪಕ್ಕಕ್ಕಿಟ್ಟ. ಆಮೇಲೆ ರಸ್ತೆಯ ಕಡೆ ಹೋಗಿ, ಒಳಗೆ ತಿರುಗುತ್ತಿದ್ದ ಬಾಳೆಲಾರಿಯೊಂದನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದ.

ಲಾಮಸೆಕೊ ಕಟ್ಟೆಯ ಮೇಲೆ ಕೂತಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

"ಲುಬಿಸಿ," ಅಂದಳು, ಗಂಡನನ್ನು ಮನೆತನದ ಹೆಸರಿನಿಂದ ಕರೆದು. "ನಾನು ಬಂದೆ. ಮುದುಕಿ ಆಗಿದೀನಿ, ಗುರುತು ಸಿಗದಿದ್ರೆ ದನಿ ಕೇಳಿ. ನಿಮ್ಮ ತಮ್ಮ ಮನೇಲಿದಾನೆ. ಉಂಡಿದಾನೆ. ಅವನಿಗೀಗ ಮೊಮ್ಮಕ್ಕಳು, ತಲೆ ನಿಮಗಿಂತ ಬೆಳ್ಳಗಾಗಿದೆ. ಅವನನ್ನ ಇನ್ನು ಕಾಯೋದು ಬೇಡ. ಇವಳು ನಿಮ್ಮ ಮಗಳು. ನೀವು ಹೋದ ಮೇಲೆ ಹುಟ್ಟಿದ್ಲು, ಲೊಮಗುಗು ಅಂತ ಹೆಸರಿಟ್ಟೆ. ಅವತ್ತು ನಿಮ್ಮನ್ನ ಬಿಟ್ಟುಹೋದ್ಲು ಅಂತ ಸಿಟ್ಟಾಗಬೇಡಿ. ಅವಳಿಗೆ ನಿಮ್ಮ ಬುದ್ಧಿ ಗೊತ್ತಿರಲಿಲ್ಲ. ನಾನೇ ಹೇಳಿಕೊಟ್ಟಿರಲಿಲ್ಲ. ಏಳಿ ಈಗ. ಮಂಡಿ ನೋವಿದ್ರೆ ನನ್ನ ಭುಜ ಹಿಡ್ಕೊಳಿ."

ಎದ್ದಳು. ಲೊಮಗುಗು ಕೊಂಬೆಯನ್ನು ಕಟ್ಟೆಗೆ ತಾಗಿಸಿ, "ಅಪ್ಪ, ಹಿಡ್ಕೋ. ಗಾಡಿ ಹತ್ತೋಣ," ಅಂದಳು. ಮೊದಲು ಲಾಮಸೆಕೊ ಹತ್ತಿ ಆ ತುದಿಗೆ ಸರಿದಳು. "ಅಪ್ಪ, ನೀನು ಹತ್ತು. ತಲೆ ಬಗ್ಗಿಸು, ಮೇಲೆ ತಾಗುತ್ತೆ," ಅಂದು ಲೊಮಗುಗು ಸ್ವಲ್ಪ ಹೊತ್ತು ತಡೆದು ಆಮೇಲೆ ಹತ್ತಿದಳು. ಮವುಸೊ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಲಾಮಸೆಕೊ ತಲೆಯಾಡಿಸುವವರೆಗೆ ಬಾಗಿಲು ಮುಟ್ಟಲಿಲ್ಲ.

ಬಾಳೆತೋಟದ ನಡುವೆ ಹೋಗುವಾಗ ಲಾಮಸೆಕೊ ಹೇಳುತ್ತ ಹೋದಳು. ಇಲ್ಲಿ ಕಾಡಿತ್ತಲ್ಲ, ಈಗ ಬಾಳೆ. ಇಲ್ಲಿ ನಿಮ್ಮ ಗೆಳೆಯನ ಮನೆ ಇತ್ತು, ಈಗ ಶಾಲೆ. ಹೇಳುತ್ತ ಹೇಳುತ್ತ ನಿದ್ದೆ ಹತ್ತಿತು. ಆಮೇಲೆ ಲೊಮಗುಗು ಶುರುಮಾಡಿದಳು.

"ಅಪ್ಪ, ಇದು ನಾನು ಕೆಲಸ ಮಾಡೋ ಶೆಡ್ಡು. ಬಾಳೆಕಾಯಿ ತೊಳೆದು ಪೆಟ್ಟಿಗೆಗೆ ತುಂಬ್ತೀವಿ. ನೀರಲ್ಲಿ ನಿಂತು ನಿಂತು ಕೈ ನೋಡು ಹೇಗಾಗಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಒಬ್ಬ ಮದುವೆ ಆಗ್ತೀನಿ ಅಂದ. ಅವ್ವನನ್ನ ಬಿಟ್ಟು ದೂರ ಬಾ ಅಂದ, ನಾನು ಹೋಗಲಿಲ್ಲ. ಅವನು ಕೆಟ್ಟೋನಲ್ಲ. ನನಗೆ ಮುದ್ದೆ ತಿರುವೋಕೆ ಬರಲ್ಲ ಅಪ್ಪ, ಗಂಟಾಗುತ್ತೆ, ಅತ್ತೆ ಇವತ್ತಿಗೂ ಆಡ್ಕೋತಾಳೆ. ಮಗ್ವಿನ್ಯಾ ಮಾತ್ರ ನಾನು ಮಾಡಿದ ಹಾಗೆ ಯಾರೂ ಮಾಡಲ್ಲ. ಹಿಂದೆ ಉಳಿದೋರನ್ನ ನೋಡಿದ್ರೆ ನನಗೂ ಮುಂದೆ ಹೋಗೋಕೆ ಆಗಲ್ಲ. ಅದು ಯಾರ ಬುದ್ಧಿ ಅಂತ ಈಗ ಗೊತ್ತಾಯ್ತು. ಹೊಳೆ ಬಂತು. ಹಿಡ್ಕೋ."

ಮವುಸೊ ಆ ಸೇತುವೆಯನ್ನು ನಡಿಗೆಯ ವೇಗದಲ್ಲಿ ದಾಟಿದ. ಹಿಂದಿನ ಗಾಡಿಯವನು ಹಾರ್ನ್ ಬಾರಿಸುತ್ತಿದ್ದ. ಬಾರಿಸಿಕೊಳ್ಳಲಿ ಅಂತ ಬಿಟ್ಟ.

ಅಂಗಳದಲ್ಲಿ ಮಜಹೊಂಕೆ ಆಡಿನ ಹಗ್ಗ ಹಿಡಿದು ನಿಂತಿದ್ದ. ಗುಂಡುಮನೆಯ ಬಾಗಿಲಲ್ಲಿ ಲೊಮಗುಗು ಕೊಂಬೆ ಮುಂದೆ ಚಾಚಿದಳು. ಆಡು ಮೂಸಿತು. ಸೋದರತ್ತೆ ಉಸಿರು ಬಿಗಿಹಿಡಿದಳು. ಆಡು ಮುಳ್ಳು ತಪ್ಪಿಸಿ, ತುದಿಯ ಎಳೆಯ ಎಲೆಯೊಂದನ್ನು ಎಳೆದು ಮೆದ್ದಿತು. ಆಮೇಲೆ ಇನ್ನೊಂದು. ಆಮೇಲೆ ಕೊಂಬೆ ಬೋಳಾಗುವವರೆಗೆ ತಲೆ ಎತ್ತಲಿಲ್ಲ.

"ಬಂದ್ರು," ಅಂದಳು ಲಾಮಸೆಕೊ. "ಯಾರಾದ್ರೂ ನೀರು ಕೊಡಿ ಅವರಿಗೆ." ಆಮೇಲೆ ಮಗಳ ಕಡೆ ತಿರುಗಿ, "ಇನ್ನು ನೀನು ಮಾತಾಡಬಹುದು," ಅಂದಳು.

ಲೊಮಗುಗು ಅಂಗಳದ ನಡುವೆ ಕೂತು ಅತ್ತಳು. ಸೋದರತ್ತೆಯೇ ಬಂದು ತನ್ನ ಶಾಲು ಹೊದಿಸಿದಳು.

ಮುಂಗಾರು ಶುರುವಾದ ಮೇಲೆ ಒಂದು ದಿನ ಅವಳು ಎಮ್ಗೊದಿನಿಯ ನಿಲ್ದಾಣದಲ್ಲಿ ಮವುಸೊನ ವ್ಯಾನಿನಿಂದಲೇ ಇಳಿದಳು. ಕೈಯಲ್ಲಿ ಕೊಂಬೆ ಇರಲಿಲ್ಲ.

"ಇವತ್ತು ಯಾರನ್ನ ಕರ್ಕೊಂಡು ಹೋಗೋಕೆ?" ಅಂದ ಮವುಸೊ.

"ಯಾರನ್ನೂ ಇಲ್ಲ. ಅವತ್ತು ತಲೆ ತಗ್ಗಿಸಿ ಹೋದೆ, ಊರು ನೋಡಲೇ ಇಲ್ಲ. ನಮ್ಮಪ್ಪ ಇಷ್ಟು ವರ್ಷ ಇದ್ದ ಊರು. ಅಷ್ಟೂ ಜನ ನಮಸ್ಕಾರ ಅಂದ್ರು, ಒಬ್ಬರಿಗೂ ತಿರುಗಿ ಹೇಳಲಿಲ್ಲ. ಹೇಳಿ ಹೋಗೋಣ ಅಂತ ಬಂದೆ." ಅವಳು ಅವನ ಮುಂದೆ ನೆಟ್ಟಗೆ ನಿಂತಳು. "ನಮಸ್ಕಾರ ಬಾಬೆ ಮವುಸೊ. ನಾನು ಚೆನ್ನಾಗಿದೀನಿ. ನೀವು ಚೆನ್ನಾಗಿದೀರಾ?"

"ಚೆನ್ನಾಗಿದೀನಿ ಸಿಸಿ," ಅಂದ ಮವುಸೊ. "ಉತ್ತರ ಬರೋಕೆ ಸ್ವಲ್ಪ ತಡ ಆಯ್ತು, ಅಷ್ಟೆ."

ಅವಳು ನಗುತ್ತ ಬೀದಿ ಹತ್ತಿದಳು. ಕಡಲೆಬೀಜ ಮಾರುವವರಿಗೆ, ಕಾರು ತೊಳೆಯುವವರಿಗೆ, ಹಳ್ಳದಲ್ಲಿ ಮರಳು ಜಾಲಿಸುವವನಿಗೆ ಒಬ್ಬೊಬ್ಬರಿಗೂ ನಿಂತು ನಮಸ್ಕಾರ ಹೇಳಿದಳು. ಸುರಂಗದ ಗೇಟಿನ ಶಬಂಗು ಅವಳ ಗುರುತು ಹಿಡಿದ. ಸ್ಟೂಲು ಕೊಟ್ಟು ಕೂರಿಸಿ, ಗೋಡೆ ಒಡೆದಾಗಿನಿಂದ ಕೊಂಬೆ ಹಿಡಿದು ಬರುವವರು ಹೆಚ್ಚುತ್ತಿದ್ದಾರೆ ಅಂತ ಹೇಳಿದ. ಎಷ್ಟೋ ಸಲ ಒಬ್ಬರೇ ಬರುತ್ತಾರೆ. ಅವರಿಗೆ ಮಾತಾಡುವ ಹಾಗಿಲ್ಲ, ಅವರ ಪರವಾಗಿ ಆಡುವವರಿಲ್ಲ. ಎಷ್ಟು ಸೀಟು, ಯಾವ ಗಾಡಿ, ಏನೂ ಹೇಳಲಾಗದೆ ನಿಲ್ದಾಣದಲ್ಲಿ ಸಂಜೆವರೆಗೂ ನಿಂತಿರುತ್ತಾರೆ. ಸಂಜೆ ಮವುಸೊನ ವ್ಯಾನು ಹತ್ತಿದಾಗ ಲೊಮಗುಗು ಅದನ್ನೇ ಯೋಚಿಸುತ್ತಿದ್ದಳು. ಬಂಕಿನ ಹತ್ತಿರ ಗಾಳಿ ಹೊಡೆಸುವ ಕಟ್ಟೆಯನ್ನು ತಿರುಗಿ ನೋಡಿದಳು.

ಲಾಮಸೆಕೊ ಇನ್ನೆರಡು ಚಳಿಗಾಲ ಕಂಡಳು. ಗಂಡ ಮನೆಗೆ ಬಂದ ಮೇಲೆ ನಿದ್ದೆ ಚೆನ್ನಾಗಿ ಬರುತ್ತದೆ ಅನ್ನುತ್ತಿದ್ದಳು, ನಿದ್ದೆಯಲ್ಲೇ ಹೋದಳು. ಅದಾದ ಮೇಲೆ ಲೊಮಗುಗು ಬಾಳೆ ಶೆಡ್ಡಿನ ಕೆಲಸ ಬಿಟ್ಟು ಬೆಟ್ಟ ಹತ್ತಿದಳು.

ಈಗ ಅವಳು ಎಮ್ಗೊದಿನಿಯ ಟ್ಯಾಕ್ಸಿ ನಿಲ್ದಾಣದಲ್ಲಿ ಮಗ್ವಿನ್ಯಾ ಕರಿದು ಮಾರುತ್ತಾಳೆ. ಕೊಂಬೆ ಹಿಡಿದವರು ಬೀದಿಯಿಂದ ಇಳಿದು ಬಂದರೆ ಒಲೆ ಆರಿಸಿ, ಅವರಿಗೆ ಸೀಟು ಕೇಳಿ, ಅವರ ಪರವಾಗಿ ಎಲ್ಲರ ನಮಸ್ಕಾರಕ್ಕೂ ಉತ್ತರ ಹೇಳಿ, ಬಂಕಿನವರೆಗೆ ಜೊತೆಗೆ ಹೋಗುತ್ತಾಳೆ. ಅಲ್ಲಿ ಇಳಿದವರೆಲ್ಲ ಮತ್ತೆ ಹತ್ತುವವರೆಗೆ ಕಾದಿದ್ದು, ಬಾಗಿಲು ತಾನೇ ಹಾಕಿ, ವಾಪಸ್ ಬರುವ ಗಾಡಿ ಹಿಡಿಯುತ್ತಾಳೆ.